ಬಾಯಿ ನೋಡುವ ಅಮಸಿದ್ದಪ್ಪ

ಲೋಕಾಪುರದ ಸಂತೆಗೆ ಅಮಸಿದ್ದಪ್ಪ ಬಂದನೆಂದರೆ ಕುರಿ ಮಾರುವವರ ಮುಖ ಸಣ್ಣದಾಗುತ್ತಿತ್ತು, ಕೊಳ್ಳುವವರ ಮುಖ ಅರಳುತ್ತಿತ್ತು. ಅವನು ಎಲ್ಲರ ಹಾಗೆ ಕುರಿಯ ಬೆನ್ನು ಒತ್ತಿ ನೋಡುವವನಲ್ಲ, ಕಾಲು ಎತ್ತಿ ನೋಡುವವನಲ್ಲ. ಎಡಗೈಯಲ್ಲಿ ಗದ್ದ ಹಿಡಿದು, ಬಲಗೈಯ ಹೆಬ್ಬೆರಳಿನಿಂದ ಕೆಳದುಟಿ ಸರಿಸಿ ಒಂದು ಸಲ ಇಣುಕಿದರೆ ಮುಗಿಯಿತು. ಹಾಲುಹಲ್ಲೋ, ಎರಡು ಹಲ್ಲು ಹಚ್ಚಿದೆಯೋ, ನಾಲ್ಕೋ, ಎಂಟೂ ಹಲ್ಲು ಬಂದು ಬಾಯಿ ಗೂಡಿದೆಯೋ, ಇಲ್ಲ ಹಲ್ಲು ಸವೆದ ಮುದಿ ಕುರಿಗೆ ಮೈ ತೊಳೆದು ಹರೆಯದ್ದೆಂದು ತಂದು ನಿಲ್ಲಿಸಿದ್ದಾರೋ, ಎಲ್ಲವನ್ನೂ ನಿಂತಲ್ಲೇ ಹೇಳಿಬಿಡುವನು. ಮುಧೋಳ, ಬೀಳಗಿ, ಜಮಖಂಡಿ ಮೂರೂ ತಾಲೂಕಿನ ಕುರಿಗಾರರು ಅವನನ್ನು ಬಾಯಿ ನೋಡುವ ಅಮಸಿದ್ದಪ್ಪ ಎಂದೇ ಕರೆಯುತ್ತಿದ್ದರು. ಅವನಿಗೂ ಆ ಹೆಸರು ಸೇರಿತ್ತು. ಯಾರಾದರೂ ಬರೀ ಅಮಸಿದ್ದಪ್ಪ ಎಂದು ಕೂಗಿದರೆ ಕಿವಿ ಕೇಳದವನ ಹಾಗೆ ಇರುತ್ತಿದ್ದ.

ಇಂಥ ಮನುಷ್ಯ ತನ್ನ ಹೆಂಡತಿಯ ಬಾಯನ್ನು ಇಪ್ಪತ್ತಾರು ವರ್ಷ ನೋಡಲಿಲ್ಲ. ಕತೆ ಇರುವುದು ಇಷ್ಟೇ, ಉಳಿದದ್ದು ಅದರ ವಿವರ.

ಮಾಯವ್ವನ ಹಲ್ಲನ್ನು ಅವನು ಮೊದಲು ನೋಡಿದ್ದು ಹೆಣ್ಣು ನೋಡಲು ಹೋದಾಗ. ಹುಡುಗಿ ನೀರಿನ ತಂಬಿಗೆ ತಂದಿಟ್ಟು ತಲೆ ತಗ್ಗಿಸಿ ನಿಂತಿದ್ದಳು. ಯಾರೋ ಏನೋ ಚೇಷ್ಟೆ ಮಾಡಿದರು, ಅವಳಿಗೆ ನಗು ತಡೆಯಲಾಗಲಿಲ್ಲ. ಅಷ್ಟರಲ್ಲೇ ಅಮಸಿದ್ದಪ್ಪ ಎಣಿಸಿಕೊಂಡುಬಿಟ್ಟ. ಮನೆಗೆ ಬಂದು ತಾಯಿ ಕರೆವ್ವನಿಗೆ ಹೇಳಿದ್ದು ಒಂದೇ ಮಾತು: "ಹಲ್ಲ ಛಲೋ ಅದಾವ ಬೇ." ಕರೆವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಆಮೇಲೆ ಹಟ್ಟಿಯ ಹೆಂಗಸರೆಲ್ಲ ಮಾಯವ್ವನನ್ನು ಆ ಮಾತಿನಿಂದಲೇ ಕಾಡಿಸಿದರು. ಅವಳು ನಾಚಿಕೊಂಡರೂ ಒಳಗೊಳಗೇ ಹಿಗ್ಗುತ್ತಿದ್ದಳು. ಗಂಡ ಮೆಚ್ಚಿದ್ದು ತನ್ನ ಹಲ್ಲನ್ನು ಎಂದು ಅವಳಿಗೆ ಗೊತ್ತಾದ ಮೇಲೆ ಆ ಹಲ್ಲಿಗೆ ಏನೂ ಆಗಬಾರದೆಂಬ ಹೆದರಿಕೆಯೂ ಹುಟ್ಟಿಕೊಂಡಿತು.

ಅಮಸಿದ್ದಪ್ಪನ ಹಲ್ಲಿನ ಮಾತು ಬೇರೆ. ನಸುಕಿನಲ್ಲಿ ಎದ್ದು ಕುರಿಗಳ ಹಿಂದೆ ನಿಂತು ಜಾಲಿಯ ಎಳೆ ಕಡ್ಡಿ ಮುರಿಯುವನು. ತುದಿ ಜಗಿದು ಕುಂಚ ಮಾಡಿ, ಮಂದೆ ಎದ್ದು ಮೈ ಕೊಡವಿ ಚದುರುವ ತನಕ ಒಂದೊಂದೇ ಹಲ್ಲನ್ನು ತಿಕ್ಕುವನು. ಕಡೆಗೆ ಅದೇ ಕಡ್ಡಿಯನ್ನು ಸೀಳಿ ನಾಲಿಗೆ ಹೆರೆದು ಎಸೆಯುವನು. ಜಾಲಿ ಸಿಗದ ಕಡೆ ಬೇವು. ಅವನಪ್ಪ ಹೀಗೇ ಮಾಡುತ್ತಿದ್ದ, ಅಜ್ಜನೂ ಹೀಗೇ. ಐವತ್ತು ದಾಟಿದ ಮೇಲೂ ಅವನು ಕಬ್ಬಿನ ಸಿಪ್ಪೆಯನ್ನು ಹಲ್ಲಿನಿಂದಲೇ ಸುಲಿಯುತ್ತಿದ್ದ.

ಆದರೆ ಕಡ್ಡಿ ಗಂಡಸರ ಸೊತ್ತು. ಅದಕ್ಕೆ ಪುರುಸೊತ್ತು ಬೇಕು. ಹೆಂಗಸರು ಅದೇ ಹೊತ್ತಿಗೆ ಹಾಲು ಕರೆಯಬೇಕು, ಅಷ್ಟೂ ಜನಕ್ಕೆ ರೊಟ್ಟಿ ಬಡಿಯಬೇಕು, ಮಕ್ಕಳನ್ನು ಎಬ್ಬಿಸಬೇಕು, ಹಟ್ಟಿ ಎದ್ದು ಹೋಗುವ ದಿನವಾದರೆ ಕುದುರೆಯ ಮೇಲೆ ಹಾಸಿಗೆ ಪಾತ್ರೆ ಹೇರಬೇಕು. ಮೇಲಾಗಿ ಮಾವನ ಎದುರು ಸೊಸೆ ಬಾಯಲ್ಲಿ ಕಡ್ಡಿ ಇಟ್ಟುಕೊಂಡು ಉಗುಳುತ್ತ ನಿಂತರೆ ನೋಡುವವರು ಏನೆಂದಾರು. ಹಾಗಾಗಿ ಅವರದು ಒಲೆಯ ಮುಂದೆ ಕೂತಲ್ಲೇ ಒಂದು ಬೆರಳು ಬೂದಿ, ಒಂದು ಚೂರು ಇದ್ದಿಲು, ಉಪ್ಪಿದ್ದರೆ ಉಪ್ಪು. ಮೂರು ಸಲ ಅತ್ತ ಇತ್ತ ಎಳೆದು ಬಾಯಿ ಮುಕ್ಕಳಿಸಿದರೆ ಮುಗಿಯಿತು. ಜಾಲಿ ಕಡ್ಡಿಯನ್ನು ಹೆಂಡತಿಗೂ ಒಂದು ಮುರಿದು ಕೊಡಬಹುದೆಂಬುದು ಅಮಸಿದ್ದಪ್ಪನ ತಲೆಗೆ ಬರಲಿಲ್ಲ. ಯಾರ ತಲೆಗೂ ಬರಲಿಲ್ಲ ಅನ್ನಿ.

ಮದುವೆಯಾದ ಮರುವರ್ಷ ಕುರಿ ಹಟ್ಟಿ ಚಿಕ್ಕಪಡಸಲಗಿಯ ಹತ್ತಿರ ಕೃಷ್ಣೆಯ ದಂಡೆಯ ಕರಿಹೊಲದಲ್ಲಿ ಇಳಿದಿತ್ತು. ಆಗ ಅಲ್ಲಿ ರೈತರು ಕಟ್ಟಿದ ಬ್ಯಾರೇಜೂ ಇರಲಿಲ್ಲ, ಕಣ್ಣಿಗೆ ಕಂಡಲ್ಲೆಲ್ಲ ಕಬ್ಬೂ ಇರಲಿಲ್ಲ. ಹೊಲದ ಮಾಲೀಕ ಹೊಳಬಸಪ್ಪ ಗೊಬ್ಬರಕ್ಕೆಂದು ಅವರ ಕುರಿಗಳನ್ನು ತನ್ನ ಹೊಲದಲ್ಲಿ ನಿಲ್ಲಿಸಿಕೊಂಡಿದ್ದ. ಅಲ್ಲಿ ಮಾಯವ್ವನಿಗೆ ಹಲ್ಲುನೋವು ಎದ್ದಿತು. ಎಡಗಡೆಯ ಕೆಳಗಿನ ದವಡೆ ಹಲ್ಲು. ಕೆನ್ನೆ ಬಾತು ಕಣ್ಣು ಮುಚ್ಚಿತು. ಲವಂಗ ಇಟ್ಟಳು, ಇಂಗು ಇಟ್ಟಳು, ಬಿಸಿ ಉಪ್ಪುನೀರು ಮುಕ್ಕಳಿಸಿದಳು. ಕರೆವ್ವ ನೆಲಗುಳ್ಳದ ಬೀಜವನ್ನು ಕೆಂಡದ ಮೇಲೆ ಹಾಕಿ, ಮೇಲೆ ಕೊಳವೆ ಇಟ್ಟು ಸೊಸೆಯ ಬಾಯಿಗೆ ಹೊಗೆ ಕೊಟ್ಟಳು. ಹಲ್ಲಿನ ಹುಳ ಸತ್ತು ಉದುರುತ್ತದೆ ಎಂದು ಅವರೆಲ್ಲರ ನಂಬಿಕೆ. ಹುಳವೂ ಉದುರಲಿಲ್ಲ, ನೋವೂ ಹೋಗಲಿಲ್ಲ.

ಹೊಳಬಸಪ್ಪ ನೋಡಿ ಕನಿಕರಪಟ್ಟು ಹೇಳಿದ: "ಜಮಖಂಡಿ ಸಂತ್ಯಾಗ ಹಲ್ಲ ಕೀಳಾವ ಕುಂಡ್ರತಾನ. ಕರಕೊಂಡ ಹೋಗಿ ಕೀಳಿಸಿಬಿಡೋ. ಒಂದ ಹಲ್ಲಿನ ಮಾತು."

ಅಮಸಿದ್ದಪ್ಪನಿಗೆ ಆ ಮಾತು ಹಿಡಿಸಲಿಲ್ಲ. ಅವನ ಕಸುಬಿನಲ್ಲಿ ಹಲ್ಲು ಹೋಯಿತೆಂದರೆ ಕುರಿಗೆ ವಯಸ್ಸಾಯಿತೆಂದೇ ಅರ್ಥ. ಅಂಥದ್ದನ್ನು ಮಂದೆಯಿಂದ ಬೇರ್ಪಡಿಸಿ ಕಟುಕರಿಗೆ ಕೊಡುತ್ತಾರೆ. ಹತ್ತೊಂಬತ್ತರ ಹೆಂಡತಿಯ ಬಾಯಲ್ಲಿ ಕಿಂಡಿ ಮಾಡಿಸುವುದೆಂದರೆ ಅವನಿಗೆ ಏನೋ ಒಂದು ನಮೂನೆ ಆಯಿತು.

"ಕಿತ್ತ ಹಲ್ಲ ಮತ್ತ ಬರತೈತೇನ್ರಿ ಗೌಡ್ರ?" ಅಂದ. "ನಾನ ಏನರ ಮಾಡತೇನಿ ಬಿಡ್ರಿ."

ಅದೇ ವಾರ ಒಂದು ಕುರಿಯ ತೊಡೆಯ ಗಾಯದಲ್ಲಿ ಹುಳ ಬಿದ್ದಿತ್ತು. ತಂಬಾಕಿನ ಎಲೆ ಅರೆದು ರಸ ಹಿಂಡಿದ್ದ, ಹುಳಗಳೆಲ್ಲ ಹೊರಗೆ ಬಂದು ಸತ್ತಿದ್ದವು. ಕುರಿ ಎದ್ದು ಮೇಯುತ್ತಿತ್ತು. ಅದನ್ನು ನೋಡುತ್ತ ನಿಂತಾಗ ಅವನಿಗೆ ಹೊಳೆಯಿತು: ಕುರಿಯ ಹುಳ ಸಾಯುತ್ತದೆ ಎಂದಮೇಲೆ ಹಲ್ಲಿನ ಹುಳ ಯಾಕೆ ಸಾಯಬಾರದು. ಎಲೆಯ ರಸ ಬಾಯಿಗೆ ಬಿದ್ದರೆ ವಾಂತಿಯಾದೀತೆಂದು ತಂಬಾಕನ್ನು ಹಳೆಯ ಹಂಚಿನ ಮೇಲೆ ಕರ್ರಗೆ ಹುರಿದು ಪುಡಿ ಮಾಡಿದ. ಘಟ್ಟದ ಕೆಳಗಿನಿಂದ ಬಂದ ಹೆಂಗಸರು ಹೀಗೆ ಹುರಿದ ಪುಡಿ ತಿಕ್ಕುವುದನ್ನು ಅವನು ಎಲ್ಲೋ ನೋಡಿಯೂ ಇದ್ದ. ಮಿಸರಿ ಎಂದು ಅದರ ಹೆಸರು.

"ತಗೋ, ಇದನ್ನ ತಿಕ್ಕು. ಹುಳದ ವಂಶಾನ ಹಾಳಾಗತೈತಿ," ಎಂದು ಮಾಯವ್ವನ ಅಂಗೈಗೆ ಹಾಕಿದ.

ಅವಳು ತಿಕ್ಕಿಕೊಂಡಳು. ತಲೆ ತಿರುಗಿ ಒಂದು ಗಳಿಗೆ ನೆಲ ಹಿಡಿದು ಕೂತಳು. ಆಮೇಲೆ ಕಣ್ಣು ಬಿಟ್ಟು ಗಂಡನನ್ನು ನೋಡಿ ನಕ್ಕಳು. ಹದಿನೈದು ದಿನದಲ್ಲಿ ಅದು ಮೊದಲ ನಗು. "ನೋವು ಹೋತ್ರಿ," ಅಂದಳು. ಅಮಸಿದ್ದಪ್ಪನ ಕಾಲು ಆ ದಿನ ನೆಲದ ಮೇಲೆ ನಿಲ್ಲಲಿಲ್ಲ.

ಮಾಯವ್ವ ಬಿಡಲಿಲ್ಲ. ಮುಂಜಾನೆ ಒಂದು ಸಲ, ಊಟದ ಮೇಲೆ ಒಂದು ಸಲ, ಆಮೇಲೆ ಸುಮ್ಮನೆ ಕೂತಾಗ ಒಂದು ಸಲ. ಹಲ್ಲು ತಿಕ್ಕುವುದೆಂಬ ನೆಪ ಉಳಿಯಿತು, ಅಷ್ಟೇ. ನಾದಿನಿಯರು ಕೇಳಿದರು, ನೆರೆಹಟ್ಟಿಯವರು ಕೇಳಿದರು. ಎಲ್ಲರಿಗೂ ಹಂಚಿನ ಮೇಲೆ ಹುರಿದುಕೊಟ್ಟವನು ಅಮಸಿದ್ದಪ್ಪನೇ. ಸುಡುವ ಹದ ಅವನಿಗೇ ಗೊತ್ತು ಎಂದು ಹೊಗಳಿದರೆ ಉಬ್ಬಿಹೋಗುವನು. ಮುಂದೆ ಮಗ ಕಾಮಣ್ಣನ ಹೆಂಡತಿಯಾಗಿ ತಂಗೆವ್ವ ಬಂದಳು. ಅವಳಿಗೆ ಬಸುರಿನಲ್ಲಿ ಒಸಡು ನೋವಾದಾಗ ಮಾಯವ್ವ ಸೊಂಟದ ಸಂಚಿಯಿಂದ ಮಿಸರಿ ಡಬ್ಬಿ ತೆಗೆದು ಸೊಸೆಗೆ ಕೊಟ್ಟಳು. "ನಿಮ್ಮ ಮಾವಾರ ಔಷಧ ಇದು," ಎಂದು ಹೆಮ್ಮೆಯಿಂದಲೇ ಕೊಟ್ಟಳು.

ತೊಂಬತ್ತನೆಯ ಇಸವಿಯ ದೀಪಾವಳಿ ಕಳೆದ ಮೇಲೆ ಅಮಸಿದ್ದಪ್ಪ ಸಂತೆಯಲ್ಲಿ ಒಂದು ಕುರಿಯನ್ನು ನೋಡಿದ. ನಾಲ್ಕು ಹಲ್ಲಿನದು, ಮೈ ತುಂಬಿಕೊಂಡಿತ್ತು. ಆದರೆ ಮೆಲುಕು ಹಾಕುವಾಗ ಬಲದವಡೆ ಮಾತ್ರ ಆಡುತ್ತಿತ್ತು. ಬಾಯಿ ತೆಗೆಸಿ ಬೆರಳು ಹಾಕಿದ. ಒಳಗೆ ಎಡಗೆನ್ನೆಯಲ್ಲಿ ಹುಣ್ಣು. "ಈ ಕುರಿ ಬ್ಯಾಡ, ಎರಡ ತಿಂಗಳದಾಗ ಸಾಯತೈತಿ," ಎಂದು ಕೊಳ್ಳುವವನಿಗೆ ಹೇಳಿ ಅಲ್ಲಿಂದ ಎದ್ದ.

ಹಟ್ಟಿ ಆಗ ಮುಧೋಳದ ಹತ್ತಿರ ಘಟಪ್ರಭೆಯ ದಂಡೆಯಲ್ಲಿತ್ತು. ಅವನು ಬಂದಾಗ ಮಾಯವ್ವ ಊಟಕ್ಕೆ ಕೂತಿದ್ದಳು. ರೊಟ್ಟಿಯನ್ನು ಮಜ್ಜಿಗೆಯಲ್ಲಿ ಕಿವುಚಿ, ಸೆರಗು ಮರೆಮಾಡಿ ತಿನ್ನುತ್ತಿದ್ದಳು. ಅಮಸಿದ್ದಪ್ಪ ಚರಿಗೆಯ ನೀರು ಕಾಲಿಗೆ ಹಾಕಿಕೊಳ್ಳುತ್ತ ಸುಮ್ಮನೆ ಅತ್ತ ನೋಡಿದ. ಅವಳ ಬಲದವಡೆ ಮಾತ್ರ ಆಡುತ್ತಿತ್ತು.

ಚರಿಗೆ ಕೆಳಗಿಟ್ಟು ಹತ್ತಿರ ಹೋದ. "ಬಾಯಿ ತೆಗಿ."

"ಏನ ಹುಚ್ಚ ಹಿಡದೈತ್ರಿ ನಿಮಗ? ಸೊಸಿ ನೋಡಾಕತ್ತಾಳ."

"ತೆಗಿ ಅಂತೇನಿ."

ಅವಳು ತೆಗೆಯಲಿಲ್ಲ. ಅವನು ಎಡಗೈಯಲ್ಲಿ ಗದ್ದ ಹಿಡಿದು ಬಲಗೈಯ ಹೆಬ್ಬೆರಳಿನಿಂದ ತುಟಿ ಸರಿಸಿದ. ಕೈಗೆ ಬೇರೆ ವಿದ್ಯೆ ಗೊತ್ತಿರಲಿಲ್ಲ. ಬಾಯಿ ಎರಡು ಬೆರಳಿಗಿಂತ ಹೆಚ್ಚು ತೆರೆಯಲಿಲ್ಲ, ಆದರೆ ವಾಸನೆ ಬಂತು. ಅವನು ಮೆಚ್ಚಿ ತಂದ ಹಲ್ಲುಗಳು ಹಂಚಿನ ತಳದ ಬಣ್ಣಕ್ಕೆ ತಿರುಗಿದ್ದವು. ಎಡಗಡೆ ಒಳಗೆ, ಆ ಹಳೆಯ ಹಲ್ಲಿನ ಪಕ್ಕ, ಮಾಂಸ ಒಡೆದು ಬೆಳ್ಳಗೆ ಎದ್ದು ನಿಂತಿತ್ತು. ಅಮಸಿದ್ದಪ್ಪ ಗದ್ದ ಬಿಟ್ಟ.

"ಯಾವಾಗಿಂದ ಐತಿ ಇದು?"

"ಬ್ಯಾಸಗಿಯಿಂದ."

"ಹೇಳಬಾರದಾ? ಏನ ಹಚ್ಚಾಕತ್ತಿದಿ ಇದಕ್ಕ?"

ಮಾಯವ್ವ ಸೆರಗು ಎಳೆದುಕೊಂಡಳು. "ಮತ್ತೇನ ಹಚ್ಚಲ್ರಿ? ನೀವು ಕೊಟ್ಟದ್ದನ್ನ."

ಮುಧೋಳದಲ್ಲಿ ಹೊಸದಾಗಿ ಒಬ್ಬ ಹಲ್ಲಿನ ಡಾಕ್ಟರು ಬಂದಿದ್ದರು, ಶಿವಯೋಗೆಪ್ಪ ಎಂದು. ಇನ್ನೂ ಎಳೆಯ ವಯಸ್ಸು, ಮಾತು ಮೆತ್ತಗೆ. ಪುಟ್ಟ ಕನ್ನಡಿ ಹಾಕಿ ನೋಡಿದರು. ಕುತ್ತಿಗೆಯಲ್ಲಿ ಎದ್ದ ಗಂಟನ್ನು ಮುಟ್ಟಿದರು. ಮಾಯವ್ವನನ್ನು ಹೊರಗಿನ ಬಾಕಿನ ಮೇಲೆ ಕೂರಿಸಿ ಬರಲು ಅಮಸಿದ್ದಪ್ಪನಿಗೆ ಹೇಳಿ, ಅವನು ಬಂದ ಮೇಲೆ ಕೇಳಿದರು.

"ಮಿಸರಿ ಎಷ್ಟ ವರ್ಷದಿಂದ ತಿಕ್ಕತಾರ?"

"ಇಪ್ಪತ್ತಾರ ವರ್ಷ ಆತ್ರಿ. ಹಲ್ಲಿಗೆ ಹುಳ ಬಿದ್ದಿತ್ರಿ. ನಾನ ಸುಟ್ಟ ಕೊಟ್ಟಿದ್ದೆ." ದನಿಯಲ್ಲಿ ಹಳೆಯ ಹೆಮ್ಮೆ ಇನ್ನೂ ಒಂದಿಷ್ಟು ಉಳಿದಿತ್ತು, ಪಾಪ.

"ಹಲ್ಲಿನಾಗ ಹುಳ ಇರೂದಿಲ್ಲ, ಯಜಮಾನ್ರ."

"ಹಂಗಂದ್ರ?"

"ಹಲ್ಲ ಕೆಟ್ಟ ತೂತ ಬಿದ್ದಿರತೈತಿ. ಹುಳ ಅಂತ ಯಾವುದೂ ಇಲ್ಲ. ತಂಬಾಕ ಹಚ್ಚಿದ್ರ ಆ ಜಾಗ ಜೋಮ ಹಿಡೀತೈತಿ, ನೋವು ತಿಳಿಯೂದಿಲ್ಲ. ಒಳಗ ಮಾಂಸ ಕೊಳೀತಾ ಹೋಗತೈತಿ. ಇದು ಕ್ಯಾನ್ಸರ ಐತಿ ಅನಸತೈತಿ. ಹುಬ್ಬಳ್ಳಿಗೆ ಚೀಟಿ ಬರದ ಕೊಡತೇನಿ, ನಾಳೇನ ಹೋಗ್ರಿ."

ಅಮಸಿದ್ದಪ್ಪ ಚೀಟಿ ತೆಗೆದುಕೊಂಡ. ಬಾಗಿಲ ತನಕ ಹೋದವನು ತಿರುಗಿ ನಿಂತ. "ಆವತ್ತ ಆ ಹಲ್ಲ ಕೀಳಿಸಿದ್ದರ?"

ಡಾಕ್ಟರು ಕೈ ತೊಳೆಯುತ್ತಿದ್ದರು. ಸುಳ್ಳು ಹೇಳಲು ಇನ್ನೂ ಕಲಿತಿರಲಿಲ್ಲ. "ಆವತ್ತ ನೋವು ಮುಗೀತಿತ್ತ ನೋಡ್ರಿ. ತಂಬಾಕದ ಗೊಡವಿನೂ ಬರತಿರಲಿಲ್ಲ," ಅಂದರು.

ಹುಬ್ಬಳ್ಳಿಯ ದೊಡ್ಡ ದವಾಖಾನೆಯಲ್ಲಿ ದವಡೆ ತೆಗೆಯುವ ಹಂತ ದಾಟಿದೆ ಎಂದರು. ಗಂಟು ಸುಡಲು ಕರೆಂಟು ಕೊಟ್ಟರು. ಹಟ್ಟಿ ಬಿಟ್ಟು ಒಂದು ರಾತ್ರಿಯೂ ಇರದವಳು ಆರು ವಾರ ಅಲ್ಲೇ ಛತ್ರದಲ್ಲಿ ಗಂಡನ ಜೊತೆ ಇದ್ದಳು. ಕೆನ್ನೆ ಸುಟ್ಟು ಕಪ್ಪಾಯಿತು, ಆದರೆ ಗಂಟು ಇಳಿಯಿತು. ಹಟ್ಟಿಗೆ ಬಂದ ಮೇಲೆ ಒಂದು ದಿನ ಮೆತ್ತಗಿನ ಅನ್ನಕ್ಕೆ ಹಾಲು ಹಾಕಿ ತಾನೇ ಉಂಡಳು. ಅಮಸಿದ್ದಪ್ಪ ಎದುರಿಗೆ ಕೂತು ಒಂದೊಂದು ತುತ್ತನ್ನೂ ನೋಡಿದ. ಅಷ್ಟು ದಿನ ಅವನು ನಂಬಿದ್ದ, ಪಾಪಿಗೂ ದೇವರು ಒಂದು ಸಲ ಬಿಟ್ಟುಕೊಡುತ್ತಾನೆ ಎಂದು. ಇಪ್ಪತ್ತು ದಿನಕ್ಕೆ ಗಂಟು ಮತ್ತೆ ಎದ್ದಿತು. ಈ ಸಲ ಕೆನ್ನೆಯ ಹೊರಗೂ ಒಡೆಯಿತು. ಮತ್ತೆ ಹುಬ್ಬಳ್ಳಿಗೆ ಹೋದರೆ, ಮನೆಗೆ ಕರೆದೊಯ್ಯಿರಿ, ನೋವಿಗೆ ಗುಳಿಗೆ ಕೊಡುತ್ತೇವೆ ಎಂದರು.

ತಂಬಾಕು ಹುರಿಯುವ ಹಂಚನ್ನು ಕಂಡರೆ ಅವನಿಗೆ ಎಲ್ಲಿಲ್ಲದ ಸಿಟ್ಟು ಬಂತು, ಅದನ್ನು ಕಂಬಳಿಗಳ ಕೆಳಗೆ ತುರುಕಿದ. ಹಟ್ಟಿಯ ಹೆಂಗಸರ ಎದುರು ನಿಂತು, "ಕೊಡ್ರಿ ಎಲ್ಲಾರೂ," ಎಂದು ಕೈ ಚಾಚಿದ. ಹಿರಿಯನ ಮಾತೆಂದು ಅವರೆಲ್ಲ ಸಂಚಿ ಬಿಚ್ಚಿ ಡಬ್ಬಿ ಕೊಟ್ಟರು. ಹೊಳೆಯಲ್ಲಿ ಎಸೆದು ಬಂದ. ಮರುದಿನದಿಂದ ಮಂದೆ ಬಿಡುವುದಕ್ಕೆ ಮೊದಲು ಜಾಲಿ ಕಡ್ಡಿಯ ಕಟ್ಟು ಮಾಡಿ ತಂದು ಒಲೆಗಳ ಹತ್ತಿರ ಇಡತೊಡಗಿದ. ಮುಳ್ಳು ಸವರಿ, ತುದಿಯನ್ನು ಕಲ್ಲಿನಿಂದ ಜಜ್ಜಿ ಮೆತ್ತಗೆ ಮಾಡಿ ಇಡುವನು. "ನನ್ನ ಮುಂದ ನಿಂತ ತಿಕ್ಕಿದ್ರೂ ಯಾರೂ ಏನೂ ಅನ್ನೂದಿಲ್ಲ," ಎಂದ. ಇಪ್ಪತ್ತಾರು ವರ್ಷದ ಹಿಂದೆ ಹೇಳಬೇಕಾಗಿದ್ದ ಮಾತು.

ತಂಗೆವ್ವ ಮೂರು ದಿನ ಪ್ರಯತ್ನಪಟ್ಟಳು. ಸುಳ್ಳಲ್ಲ, ಮನಸ್ಸಿಟ್ಟೇ ಮಾಡಿದಳು. ಎರಡನೆಯ ದಿನ ತಲೆ ಸಿಡಿಯುತ್ತದೆ ಎಂದು ಮಲಗಿದಳು. ಮೂರನೆಯ ದಿನ ಹೊಟ್ಟೆ ಕಟ್ಟಿತು, ಕೂಸನ್ನು ಸುಮ್ಮಸುಮ್ಮನೆ ಹೊಡೆದಳು. ನಾಲ್ಕನೆಯ ದಿನ ಅಮಸಿದ್ದಪ್ಪ ಕಡ್ಡಿ ಹಿಡಿದು ಬಂದಾಗ ಅವಳು ಒಣಹಾಕಿದ ಕಂಬಳಿಯ ಹಿಂದೆ ಕೂತಿದ್ದಳು. ತೋರುಬೆರಳು ಕರ್ರಗಿತ್ತು.

"ಅತ್ತೀನ್ನ ನೋಡಿನೂ ತಿಕ್ಕಾಕತ್ತೀಯಲ್ಲ ತಂಗೆವ್ವಾ," ಅಂದ. ಬೈಯಬೇಕೆಂದು ಬಾಯಿ ತೆರೆದಿದ್ದ, ಅದು ಬೇಡಿಕೊಂಡ ಹಾಗೆ ಬಂತು.

"ನೋಡೇನ್ರಿ ಮಾವಾರ. ದಿನಾ ನಾನ ಗಾಯಾ ತೊಳಿಯಾಕತ್ತೇನಿ, ನನಗ ಕಾಣೂದಿಲ್ಲೇನ್ರಿ?" ತಂಗೆವ್ವ ಅಳುತ್ತಿದ್ದಳು. "ಬಿಡಾಕ ಆಗವಲ್ತ್ರಿ. ನಿಮ್ಮ ಕಾಲ ಬೀಳತೇನಿ, ನಿಮ್ಮ ಮಗನ ಮುಂದ ಹೇಳಬ್ಯಾಡ್ರಿ."

ಅವನು ಹೇಳಲಿಲ್ಲ. ಕಡ್ಡಿಯನ್ನು ಅವಳ ಪಕ್ಕದಲ್ಲಿಟ್ಟು ಕುರಿಯ ಕಡೆ ಹೋದ. ಉಳಿದವರೂ ಹಾಗೇ ಇದ್ದಾರೆಂದು ಅವನಿಗೆ ಆಗಲೇ ಗೊತ್ತಾಗಿತ್ತು. ಅಂಗಡಿಯಲ್ಲಿ ತಂಬಾಕಿಗೇನು ಬರವಿರಲಿಲ್ಲ. ಜಾಲಿ ಕಡ್ಡಿಗಳು ಒಲೆಯ ಬದಿಯಲ್ಲಿ ಒಣಗಿ ರಾಶಿ ಬಿದ್ದವು. ಆದರೂ ಅವನು ದಿನವೂ ತರುವುದನ್ನು ನಿಲ್ಲಿಸಲಿಲ್ಲ.

ಮಾಘದ ಹೊತ್ತಿಗೆ ಮಾಯವ್ವನ ಬಾಯಿ ಒಂದು ಬೆರಳಿನಷ್ಟೂ ತೆರೆಯದಾಯಿತು. ಮಾತು ನಿಂತಿತು. ನೀರನ್ನೂ ಅರಳೆಯಿಂದ ಹಿಂಡಬೇಕು. ಗುಳಿಗೆಯನ್ನು ಅರೆದು ನೀರಿಗೆ ಹಾಕಿ ಕೊಟ್ಟರೆ ಕೆನ್ನೆಯ ತೂತಿನಿಂದ ಹೊರಗೆ ಹರಿಯುತ್ತಿತ್ತು. ಅವಳು ನರಳುವುದನ್ನು ಕೇಳಲಾಗದೆ ಕಾಮಣ್ಣ ಕುರಿಗಳ ಜೊತೆ ದೂರ ಹೋಗಿಬಿಡುತ್ತಿದ್ದ. ಅಮಸಿದ್ದಪ್ಪನಿಗೆ ಹೋಗುವುದಕ್ಕೂ ಮನಸ್ಸಿಲ್ಲ, ಕೂರುವುದಕ್ಕೂ ಧೈರ್ಯವಿಲ್ಲ.

ಒಂದು ಮುಂಜಾನೆ ಅವಳು ಕೈ ಎತ್ತಿದಳು. ತೋರುಬೆರಳು ಹೆಬ್ಬೆರಳು ಕೂಡಿಸಿ ಚಿಟಿಕೆ ಹಿಡಿದ ಹಾಗೆ ತಿಕ್ಕಿ ತೋರಿಸಿದಳು. ಅಮಸಿದ್ದಪ್ಪನಿಗೆ ಕೂಡಲೇ ತಿಳಿಯಿತು, ತಿಳಿಯದವನ ಹಾಗೆ ಮುಖ ತಿರುಗಿಸಿದ. ಅವಳು ಅವನ ಧೋತರದ ಚುಂಗು ಹಿಡಿದು ಎಳೆದು ಮತ್ತೆ ತೋರಿಸಿದಳು.

"ಬ್ಯಾಡ ಬೇ. ಅದರಿಂದನ ಇಷ್ಟೆಲ್ಲಾ ಆಗೈತಿ."

ಅವಳು ತಲೆ ಆಡಿಸಿದಳು. ಗೊತ್ತು ಎಂದಳೋ, ಅದಕ್ಕೇನು ಎಂದಳೋ. ಕಣ್ಣಿನಿಂದ ನೀರು ಇಳಿಯುತ್ತಿತ್ತು. ಬೆರಳು ಮಾತ್ರ ನಿಲ್ಲಲಿಲ್ಲ.

"ತಂಗೆವ್ವಾ, ತಂಬಾಕ ಐತೇನ ನೋಡು," ಅಂದ ಕಡೆಗೆ.

ಅವಳು ಎಲ್ಲಿಂದಲೋ ತೆಗೆದುಕೊಟ್ಟಳು. ಹಳೆಯ ಹಂಚನ್ನು ಕಂಬಳಿಗಳ ಕೆಳಗಿನಿಂದ ಹುಡುಕಿ ತಂದ. ಸಿಟ್ಟು ಬಂದರೂ ಅದನ್ನು ಒಡೆದಿರಲಿಲ್ಲ. ಮೂರು ಕಲ್ಲಿನ ಮೇಲಿಟ್ಟು ಉರುವಲಿಗೆ ಕೈ ಹಾಕಿದರೆ ಸಿಕ್ಕಿದ್ದು ಜಾಲಿ ಕಡ್ಡಿಗಳು. ಮುಳ್ಳು ಸವರಿ, ತುದಿ ಜಜ್ಜಿ ಅವನೇ ತಂದಿಟ್ಟವು. ಚೆನ್ನಾಗಿ ಒಣಗಿದ್ದವು, ಬೇಗ ಹತ್ತಿಕೊಂಡವು.

ತಂಬಾಕು ಹದವಾಗಿ ಸುಟ್ಟಿತು. ಆ ಹದವನ್ನು ಅವನ ಕೈ ಮರೆತಿರಲಿಲ್ಲ. ಆರಿಸಿ, ಅಂಗೈಯಲ್ಲಿ ನುರಿದು, ಹೆಂಡತಿಯ ಪಕ್ಕದಲ್ಲಿ ಕೂತ. ಅವಳಿಗೆ ತಾನೇ ತಿಕ್ಕಿಕೊಳ್ಳುವ ಶಕ್ತಿ ಇರಲಿಲ್ಲ. ಎಡಗೈಯಲ್ಲಿ ಗದ್ದ ಹಿಡಿದು, ಬಲಗೈಯ ಹೆಬ್ಬೆರಳಿನಿಂದ ಕೆಳದುಟಿ ಸರಿಸಿ, ಕರಿಯ ಪುಡಿಯನ್ನು ಹಲ್ಲಿನ ಸಾಲಿಗೆ ಮೆಲ್ಲಗೆ ಹಚ್ಚಿದ. ಒಂದೊಂದು ಹಲ್ಲಿಗೂ ಹಚ್ಚಿದ. ಸ್ವಲ್ಪ ಹೊತ್ತಿಗೆ ನರಳಾಟ ಸಣ್ಣದಾಯಿತು, ಆಮೇಲೆ ನಿಂತಿತು. ಮಾಯವ್ವ ಅವನನ್ನು ನೋಡಿದಳು. ಆ ಹರಿದ ಮುಖದಲ್ಲೂ ಚಿಕ್ಕಪಡಸಲಗಿಯ ಹೊಲದ ಆ ನಗು ಅವನಿಗೆ ಗುರುತು ಸಿಕ್ಕಿತು, ಅದನ್ನು ನೋಡಲಾರದೆ ಅವನು ತಲೆ ತಗ್ಗಿಸಿದ.

ಹಂಚಿನ ಮೇಲೆ ಇನ್ನೂ ಅರ್ಧದಷ್ಟು ಪುಡಿ ಉಳಿದಿತ್ತು. ತಂಗೆವ್ವ ಸದ್ದಿಲ್ಲದೆ ಬಂದು ಕೂತು, ಸಂಚಿಯಿಂದ ಡಬ್ಬಿ ತೆಗೆದು, ಮುಚ್ಚಳ ಬಿಚ್ಚಿ ಅವನ ಮುಂದೆ ಹಿಡಿದಳು. ಅಮಸಿದ್ದಪ್ಪ ಹಂಚು ಎತ್ತಿ, ಒಂದು ಕಣವೂ ಚೆಲ್ಲದ ಹಾಗೆ, ಡಬ್ಬಿಗೆ ಸುರಿದುಕೊಟ್ಟ.